ಮನೆಯೊಳಗೆ ಬಂದ ಮನೋಚಿಕಿತ್ಸೆ ಮತ್ತು ನಮ್ಮ ಹೊಣೆ

ಮಧುಮೇಹಕ್ಕೆ ಮೂವತ್ತು ವರ್ಷಗಳಿಂದ ಮಾತ್ರೆ ನುಂಗುತ್ತಿರುವ ಹಿರಿಯರನ್ನು ನಮ್ಮ ಸಮಾಜವು ಕೀಳಾಗಿ ಕಾಣುವುದಿಲ್ಲ. ಮೂತ್ರಪಿಂಡದಲ್ಲಿ ಕಲ್ಲೆಂದು ಆಸ್ಪತ್ರೆ ಸೇರಿದವರನ್ನು ಕಾಣಲು ಇಡೀ ಮೊಹಲ್ಲಾವೇ ಹಣ್ಣಿನ ಚೀಲ ಹಿಡಿದು ಹೊರಡುತ್ತದೆ. ಆದರೆ ಹೆರಿಗೆಯಾಗಿ ಮೂರು ತಿಂಗಳಾದರೂ ನಿದ್ರೆ ಹತ್ತದ, ಊಟ ಸೇರದ, ಹೆತ್ತ ಮಗುವನ್ನು ಎತ್ತಿಕೊಳ್ಳಲೂ ಮನಸ್ಸಾಗದ ಹೆಣ್ಣುಮಗಳನ್ನು ಮನೋವೈದ್ಯರ ಬಳಿಗೆ ಕರೆದೊಯ್ಯಬೇಕೆಂದರೆ ಅದೇ ಮನೆಯಲ್ಲಿ ಮೌನ ಆವರಿಸುತ್ತದೆ. ಜನರೇನೆಂದಾರು? ಅವಳ ತಂಗಿಗೆ ಸಂಬಂಧ ಕೂಡಿಬಂದೀತೇ? ಕಾಯಿಲೆಗಿಂತ ಕಾಯಿಲೆಯ ಹೆಸರಿಗೇ ಹೆಚ್ಚು ಅಂಜುವ ಈ ಪ್ರವೃತ್ತಿಗೆ ತೆರಬೇಕಾದ ಬೆಲೆ ಸಣ್ಣದಲ್ಲ.

ಇದು ಒಂದು ಸಮುದಾಯದ ಸಮಸ್ಯೆಯಷ್ಟೇ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು, ಖಿನ್ನತೆ ಮತ್ತು ಆತಂಕದಂತಹ ಸಾಮಾನ್ಯ ಮಾನಸಿಕ ಕಾಯಿಲೆಗಳುಳ್ಳವರಲ್ಲಿ ಸುಮಾರು ಶೇ. 85 ಮಂದಿಗೆ ಚಿಕಿತ್ಸೆಯೇ ದೊರೆಯುತ್ತಿಲ್ಲ ಎಂದು ಕಂಡುಕೊಂಡಿತು. ತಜ್ಞರ ಕೊರತೆ, ಆಸ್ಪತ್ರೆಯ ದೂರ, ಪ್ರಯಾಣದ ವೆಚ್ಚ, ಎಲ್ಲಕ್ಕಿಂತ ಮಿಗಿಲಾಗಿ ಅಪಮಾನದ ಭೀತಿ, ಇವೆಲ್ಲ ಸೇರಿ ಈ ಕಂದಕವನ್ನು ತೋಡಿವೆ.

ಈಗ ಚಿಕಿತ್ಸೆಯು ದೂರವಾಣಿಯ ಮೂಲಕ ಮನೆಯೊಳಕ್ಕೇ ಬಂದಿದೆ. ದೂರದ ಊರಿನಲ್ಲಿರುವ ಆಪ್ತಸಮಾಲೋಚಕರೊಡನೆ ಅಥವಾ ಮನೋವೈದ್ಯರೊಡನೆ ಧ್ವನಿ ಕರೆಯಲ್ಲಿ, ವಿಡಿಯೋ ಕರೆಯಲ್ಲಿ ಇಲ್ಲವೇ ಲಿಖಿತ ಸಂದೇಶಗಳಲ್ಲಿ ಮಾತನಾಡಿ ನೆರವು ಪಡೆಯುವುದೇ ಆನ್‌ಲೈನ್ ಚಿಕಿತ್ಸೆ. ಕೊರೋನಾ ಕಾಲದ ಲಾಕ್‌ಡೌನ್ ಆರಂಭವಾದ 2020ರ ಮಾರ್ಚ್ 25ರಂದೇ ಕೇಂದ್ರ ಸರಕಾರವು ದೂರವೈದ್ಯಕೀಯ ಮಾರ್ಗಸೂಚಿಯನ್ನು ಪ್ರಕಟಿಸಿ ವೈದ್ಯರಿಗೆ ಈ ದಾರಿಯನ್ನು ಅಧಿಕೃತವಾಗಿ ತೆರೆಯಿತು. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ನಿಮ್ಹಾನ್ಸ್‌ನಿಂದಲೇ 'ಟೆಲಿ ಮಾನಸ್' ಸೇವೆ ಉದ್ಘಾಟನೆಗೊಂಡಿತು. ಇದರ ಸಂಖ್ಯೆ 14416. ಹಗಲಿರುಳೂ ಲಭ್ಯವಿರುವ ಈ ಸೇವೆಗೆ ಶುಲ್ಕವಿಲ್ಲ, ಮತ್ತು ಕನ್ನಡದಲ್ಲಿಯೇ ಮಾತನಾಡಬಹುದು. 2025ರ ಹೊತ್ತಿಗೆ ಈ ಸೇವೆಯು ದೇಶದಾದ್ಯಂತ 20 ಲಕ್ಷಕ್ಕೂ ಹೆಚ್ಚು ಕರೆಗಳನ್ನು ಸ್ವೀಕರಿಸಿತ್ತು. ನಮ್ಮ ಮನೆಗಳಲ್ಲಿ ಎಷ್ಟು ಮಂದಿಗೆ ಈ ಸಂಖ್ಯೆ ಗೊತ್ತಿದೆ?

ಕರೆ ಮಾಡಿದರೆ ಏನಾಗುತ್ತದೆ ಎಂಬುದು ತಿಳಿಯದೆಯೇ ಅನೇಕರು ಹಿಂಜರಿಯುತ್ತಾರೆ. ಆದುದರಿಂದ ಅದನ್ನು ಬಿಡಿಸಿ ಹೇಳುವುದು ಅಗತ್ಯ. 14416ಕ್ಕೆ ಕರೆ ಮಾಡಿ ಭಾಷೆಯನ್ನು ಆರಿಸಿಕೊಂಡರೆ ತರಬೇತಿ ಪಡೆದ ಆಪ್ತಸಮಾಲೋಚಕರು ಮಾತನಾಡುತ್ತಾರೆ. ಅವರ ಮಟ್ಟದಲ್ಲಿ ಪರಿಹಾರವಾಗದಿದ್ದರೆ ಮನೋವೈದ್ಯರು ಅಥವಾ ಇತರ ತಜ್ಞರಿಗೆ ಒಪ್ಪಿಸುತ್ತಾರೆ. ಪ್ರತ್ಯಕ್ಷ ಪರೀಕ್ಷೆ ಬೇಕೆನಿಸಿದರೆ ಆಸ್ಪತ್ರೆಯ ದಾರಿ ತೋರಿಸುತ್ತಾರೆ. ಖಾಸಗಿ ಚಿಕಿತ್ಸಕರಾದರೆ ಮೊದಲೇ ಸಮಯ ಗೊತ್ತುಪಡಿಸಿಕೊಳ್ಳಬೇಕು. ಒಂದು ಭೇಟಿಯು ಸಾಮಾನ್ಯವಾಗಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ನಡೆಯುತ್ತದೆ. ಶುಲ್ಕವು ಕೆಲವು ನೂರು ರೂಪಾಯಿಗಳಿಂದ ಕೆಲವು ಸಾವಿರದವರೆಗೂ ಇರುತ್ತದೆ.

ಮೊದಲ ಭೇಟಿಯಲ್ಲಿ ಪವಾಡವನ್ನು ನಿರೀಕ್ಷಿಸಬಾರದು. ಅದು ಪರಿಚಯದ ಭೇಟಿ. ತೊಂದರೆ ಯಾವಾಗ ಶುರುವಾಯಿತು, ನಿದ್ರೆ ಹೇಗಿದೆ, ಹಸಿವು ಹೇಗಿದೆ, ಹಿಂದೆ ಚಿಕಿತ್ಸೆ ಆಗಿದೆಯೇ, ಸಾಯಬೇಕೆಂಬ ಯೋಚನೆ ಬಂದಿದೆಯೇ ಎಂದು ಕೇಳುತ್ತಾರೆ. ಈ ಕೊನೆಯ ಪ್ರಶ್ನೆಗೆ ಬೆಚ್ಚಬೇಕಾಗಿಲ್ಲ. ಹಾಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹುಟ್ಟಿದ್ದರೆ ಹೊರಗೆ ಬರಲು ದಾರಿಯಾಗುತ್ತದೆ. ಕರೆಯಲ್ಲಿರುವವರ ವಿಳಾಸವನ್ನೂ ತುರ್ತಿಗೆ ಸಂಪರ್ಕಿಸಬಹುದಾದ ಒಬ್ಬರ ಸಂಖ್ಯೆಯನ್ನೂ ಕೇಳಿ ಬರೆದುಕೊಳ್ಳುತ್ತಾರೆ. ಅನಾಹುತದ ಸೂಚನೆ ಕಂಡರೆ ದೂರದಲ್ಲಿರುವವರು ನೆರವು ಕಳುಹಿಸಲು ಅದು ಬೇಕೇ ಬೇಕು. ಆ ಬಳಿಕ ಇಬ್ಬರೂ ಸೇರಿ ಗುರಿಯನ್ನು ನಿಶ್ಚಯಿಸುತ್ತಾರೆ. ಆಲೋಚನೆ ಮತ್ತು ನಡವಳಿಕೆಯ ರೂಢಿಗಳನ್ನು ತಿದ್ದುವ ಚಿಕಿತ್ಸೆಯಾದರೆ ವಾರಕ್ಕೊಂದರಂತೆ ಆರರಿಂದ ಇಪ್ಪತ್ತು ಭೇಟಿಗಳು ಬೇಕಾಗಬಹುದು. ನಡುವೆ ಮನೆಯಲ್ಲಿ ಮಾಡಬೇಕಾದ ಅಭ್ಯಾಸಗಳನ್ನೂ ಕೊಡುತ್ತಾರೆ. ಖಿನ್ನತೆ ಮತ್ತು ಆತಂಕದ ವಿಷಯದಲ್ಲಿ ಈ ರೀತಿಯ ಚಿಕಿತ್ಸೆಯು ಆನ್‌ಲೈನ್‌ನಲ್ಲಿ ನಡೆದರೂ ಮುಖಾಮುಖಿ ಚಿಕಿತ್ಸೆಗೆ ಸಮೀಪದ ಫಲ ನೀಡುತ್ತದೆ ಎಂಬುದಕ್ಕೆ ವಿವಿಧ ದೇಶಗಳ ಸಂಶೋಧನೆಗಳ ಆಧಾರವಿದೆ.

ಆದರೆ ಇದಕ್ಕೆ ಮಿತಿಗಳೂ ಇವೆ. ಇಲ್ಲದ ಧ್ವನಿಗಳನ್ನು ಕೇಳುವವರಿಗೆ, ವಾಸ್ತವದ ಅರಿವು ಕಳೆದುಕೊಂಡವರಿಗೆ, ಈಗಾಗಲೇ ಪ್ರಾಣಕ್ಕೆ ಅಪಾಯ ತಂದುಕೊಂಡವರಿಗೆ ಪರದೆಯ ಮೇಲಿನ ಮಾತು ಸಾಲದು. ಅವರನ್ನು ಆಸ್ಪತ್ರೆಗೆ ಒಯ್ಯಲೇಬೇಕು. ಆಪ್ತಸಮಾಲೋಚಕರಾಗಲಿ ಮನಶ್ಶಾಸ್ತ್ರಜ್ಞರಾಗಲಿ ಮಾತ್ರೆ ಬರೆದುಕೊಡುವಂತಿಲ್ಲ, ಅದು ಮನೋವೈದ್ಯರ ಕೆಲಸ. ಮನೋವೈದ್ಯರು ಕೂಡ ಕೆಲವು ಬಗೆಯ ಔಷಧಗಳನ್ನು ದೂರದಿಂದ ಬರೆಯಲು ಮಾರ್ಗಸೂಚಿಯು ಅವಕಾಶ ಕೊಡುವುದಿಲ್ಲ. ಈ ಮಾರ್ಗಸೂಚಿಯು ಭಾರತದ ಗಡಿಯಾಚೆಗಿನ ಸಮಾಲೋಚನೆಗೆ ಅನ್ವಯಿಸುವುದಿಲ್ಲ ಎಂಬುದನ್ನು ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ನಮ್ಮ ಯುವಕರು ಗಮನಿಸಬೇಕು.

ಪರದೆಯ ಆಚೆ ಕುಳಿತವರು ಯಾರು ಎಂಬುದನ್ನು ವಿಚಾರಿಸಿಕೊಳ್ಳುವುದು ಪ್ರತಿಯೊಬ್ಬರ ಹಕ್ಕು. ಮನೋವೈದ್ಯರಾದರೆ ವೈದ್ಯಕೀಯ ಮಂಡಳಿಯ ನೋಂದಣಿ ಸಂಖ್ಯೆ ಇರಬೇಕು. ಚಿಕಿತ್ಸಾ ಮನಶ್ಶಾಸ್ತ್ರಜ್ಞರಾದರೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇರಬೇಕು. ಉಳಿದ ಆಪ್ತಸಮಾಲೋಚಕರನ್ನೂ ನೋಂದಣಿಯ ವ್ಯಾಪ್ತಿಗೆ ತರುವ ಕಾನೂನು 2021ರಲ್ಲಿ ಬಂದಿದ್ದರೂ ಅದರ ಜಾರಿ ಇನ್ನೂ ಪೂರ್ಣಗೊಂಡಿಲ್ಲ. ಹೀಗಾಗಿ ನಾಲ್ಕು ವಾರಗಳ ಶಿಬಿರದ ಪ್ರಮಾಣಪತ್ರ ಹಿಡಿದವರೂ 'ಥೆರಪಿಸ್ಟ್' ಎಂಬ ಫಲಕ ತೂಗುಹಾಕಿಕೊಳ್ಳಬಲ್ಲರು. ವಿದ್ಯಾರ್ಹತೆ ಏನು, ಎಲ್ಲಿ ತರಬೇತಿ, ಎಷ್ಟು ವರ್ಷದ ಅನುಭವ ಎಂದು ನೇರವಾಗಿ ಕೇಳಬೇಕು. ಉತ್ತರಿಸಲು ಮುನಿಸಿಕೊಳ್ಳುವವರಿಂದ ದೂರವಿರುವುದೇ ಲೇಸು. ಇತ್ತೀಚೆಗೆ ಹದಿಹರೆಯದವರು ಕೃತಕ ಬುದ್ಧಿಮತ್ತೆಯ ಯಂತ್ರಗಳೊಡನೆಯೇ ದುಃಖ ತೋಡಿಕೊಳ್ಳತೊಡಗಿದ್ದಾರೆ. ಯಂತ್ರವು ಸಿಹಿಯಾಗಿ ಉತ್ತರಿಸಬಹುದು, ಆದರೆ ಮಧ್ಯರಾತ್ರಿಯಲ್ಲಿ ಅನಾಹುತವಾದರೆ ಅದಕ್ಕೆ ಹೊಣೆಯೂ ಇಲ್ಲ, ನೋಂದಣಿಯೂ ಇಲ್ಲ.

ಇನ್ನು ಗುಟ್ಟಿನ ಪ್ರಶ್ನೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು ರೋಗಿಯ ಮಾಹಿತಿಯ ಗೌಪ್ಯತೆಯನ್ನು ಹಕ್ಕಾಗಿ ಘೋಷಿಸಿದೆ. ಪ್ರಾಣಾಪಾಯ, ನ್ಯಾಯಾಲಯದ ಆದೇಶ ಮುಂತಾದ ಕೆಲವೇ ಸಂದರ್ಭಗಳನ್ನು ಬಿಟ್ಟರೆ ಚಿಕಿತ್ಸಕರು ಹೊರಗಿನವರಿಗೆ ಅದನ್ನು ತಿಳಿಸುವಂತಿಲ್ಲ. ಇದೇ ಕಾಯ್ದೆಯ 115ನೇ ಕಲಮಿನ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಬೇಕೇ ಹೊರತು ಅಪರಾಧಿಗಳೆಂದಲ್ಲ. ಆದುದರಿಂದ ಸತ್ಯ ಹೇಳಿದರೆ ಪೊಲೀಸರು ಬಂದಾರೆಂಬ ಭಯಕ್ಕೆ ಆಧಾರವಿಲ್ಲ. ಆದರೆ ಲಾಭಕ್ಕಾಗಿ ನಡೆಯುವ ಆ್ಯಪ್‌ಗಳ ವಿಷಯದಲ್ಲಿ ಎಚ್ಚರ ಬೇಕು. ಅಮೆರಿಕದ ಬೆಟರ್‌ಹೆಲ್ಪ್ ಎಂಬ ಕಂಪೆನಿಯು ಗ್ರಾಹಕರ ಆರೋಗ್ಯ ಮಾಹಿತಿಯನ್ನು ಫೇಸ್‌ಬುಕ್ ಮುಂತಾದವುಗಳೊಡನೆ ಜಾಹೀರಾತಿಗಾಗಿ ಹಂಚಿಕೊಂಡಿತೆಂಬ ಆರೋಪದ ಮೇಲೆ 2023ರಲ್ಲಿ ಅಲ್ಲಿನ ವ್ಯಾಪಾರ ಆಯೋಗದ ಆದೇಶದಂತೆ 78 ಲಕ್ಷ ಡಾಲರ್ ತೆರಬೇಕಾಯಿತು. ಫಿನ್ಲೆಂಡಿನಲ್ಲಿ ವಸ್ತಾಮೋ ಎಂಬ ಮನೋಚಿಕಿತ್ಸಾ ಸಂಸ್ಥೆಯಿಂದ ಕಳವಾದ ಸಾವಿರಾರು ರೋಗಿಗಳ ಟಿಪ್ಪಣಿಗಳನ್ನು ಹಿಡಿದು 2020ರಲ್ಲಿ ರೋಗಿಗಳನ್ನೇ ಬೆದರಿಸಿ ಹಣ ಕೇಳಲಾಯಿತು. ನಮ್ಮಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಮಾತು ಮುದ್ರಣವಾಗುತ್ತದೆಯೇ, ಟಿಪ್ಪಣಿಗಳು ಎಲ್ಲಿರುತ್ತವೆ, ಯಾರು ನೋಡಬಲ್ಲರು ಎಂದು ಮೊದಲೇ ಕೇಳಿಕೊಳ್ಳುವುದು ವಿವೇಕ.

ಆದರೆ ಗುಟ್ಟು ಸೋರುವುದು ಕಂಪೆನಿಯ ಕಡೆಯಿಂದ ಮಾತ್ರವೇ? ನಮ್ಮ ಪಟ್ಟಣಗಳ ಎರಡು ಕೋಣೆಯ ಮನೆಗಳಲ್ಲಿ ಆರೇಳು ಮಂದಿ ವಾಸಿಸುತ್ತಾರೆ. ಒಂದೇ ಫೋನು ಅಣ್ಣನ ಕೈಯಿಂದ ತಂಗಿಯ ಕೈಗೆ, ಅತ್ತೆಯ ಕೈಯಿಂದ ಸೊಸೆಯ ಕೈಗೆ ಸಾಗುತ್ತಿರುತ್ತದೆ. ಆಸ್ಪತ್ರೆಯಲ್ಲಿ ವೈದ್ಯರ ಕೋಣೆಗೆ ಬಾಗಿಲಿರುತ್ತದೆ. ಮನೆಯಲ್ಲಿ ಆ ಬಾಗಿಲನ್ನು ಕುಟುಂಬವೇ ಒದಗಿಸಬೇಕು. ಅತ್ತೆ ಪಕ್ಕದಲ್ಲಿ ಕುಳಿತಿರುವಾಗ ಸೊಸೆ ಏನನ್ನು ತಾನೇ ಹೇಳಿಕೊಂಡಾಳು? ಕರೆ ಮುಗಿದ ಕೂಡಲೇ 'ಏನೇನು ಹೇಳಿದೆ? ನಮ್ಮ ಬಗ್ಗೆ ದೂರಿದೆಯಾ?' ಎಂಬ ವಿಚಾರಣೆ ಆರಂಭವಾದರೆ, ಮುಂದಿನ ವಾರ ಅವಳು 'ಈಗ ಗುಣವಾಗಿದೆ' ಎಂದು ಸುಳ್ಳು ಹೇಳಿ ಚಿಕಿತ್ಸೆಯನ್ನೇ ನಿಲ್ಲಿಸುತ್ತಾಳೆ. ಸಂದೇಶಗಳನ್ನು ತೆರೆದು ಓದುವ ಪತಿ, ಬಾಗಿಲಿಗೆ ಕಿವಿಗೊಡುವ ತಾಯಿ, ತಮಾಷೆ ಮಾಡುವ ತಮ್ಮ, ಇವರೆಲ್ಲ ಪ್ರೀತಿಯಿಂದಲೇ ಹಾಗೆ ಮಾಡುತ್ತಿರಬಹುದು. ಪರಿಣಾಮ ಮಾತ್ರ ಒಂದೇ. ಯಾವ ಕಾನೂನೂ ಮನೆಯೊಳಗಿನ ಈ ಕಿವಿಗಳನ್ನು ಮುಚ್ಚಲಾರದು.

ಆದುದರಿಂದ ನಾವು ಕುಟುಂಬಗಳನ್ನು ಕೇಳುವುದು ದೊಡ್ಡ ತ್ಯಾಗವನ್ನಲ್ಲ. ವಾರಕ್ಕೊಮ್ಮೆ ಒಂದು ಗಂಟೆ, ಒಂದು ಕೋಣೆ, ಒಂದು ಮುಚ್ಚಿದ ಬಾಗಿಲು. ಆ ಹೊತ್ತಿನಲ್ಲಿ ಮಗುವನ್ನು ಮತ್ತೊಬ್ಬರು ಎತ್ತಿಕೊಳ್ಳಲಿ, ಒಲೆಯ ಮೇಲಿನ ಸಾರನ್ನು ಮತ್ತೊಬ್ಬರು ನೋಡಿಕೊಳ್ಳಲಿ. ಕೋಣೆಯೇ ಇಲ್ಲದಿದ್ದರೆ ಮಹಡಿಯಿದೆ, ನಂಬಿಕಸ್ಥ ಬಂಧುವಿನ ಮನೆಯಿದೆ. ಚಿಕಿತ್ಸಕರು ಬಯಸಿದರೆ, ಚಿಕಿತ್ಸೆ ಪಡೆಯುತ್ತಿರುವವರು ಒಪ್ಪಿದರೆ, ಆಗ ಮನೆಯವರೂ ಮಾತಿಗೆ ಸೇರಬಹುದು. ಆನ್‌ಲೈನ್ ಚಿಕಿತ್ಸೆಯ ಒಂದು ಅನುಕೂಲವೇ ಅದು: ದೂರದ ಊರಿನಲ್ಲಿ ದುಡಿಯುವ ಪತಿಯೂ ಅದೇ ಭೇಟಿಯಲ್ಲಿ ಪಾಲ್ಗೊಳ್ಳಬಲ್ಲನು.

ಪ್ರಾರ್ಥನೆಯನ್ನು ಚಿಕಿತ್ಸೆಯ ಎದುರಾಳಿಯೆಂದು ಬಗೆಯುವವರು ಇತಿಹಾಸವನ್ನು ಗಮನಿಸಲಿ. 934ರಲ್ಲಿ ನಿಧನರಾದ ಬಲ್ಖ್‌ನ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖಿಯವರು ದೇಹ ಮತ್ತು ಮನಸ್ಸುಗಳೆರಡರ ಆರೋಗ್ಯವನ್ನು ಒಂದೇ ಗ್ರಂಥದಲ್ಲಿ ಚರ್ಚಿಸಿ, ಕಾರಣ ತಿಳಿದಿರುವ ದುಃಖ ಬೇರೆ, ಕಾರಣ ತಿಳಿಯದ ದುಃಖ ಬೇರೆ ಎಂದು ವಿಂಗಡಿಸಿದ್ದರು. ಮುಸ್ಲಿಮ್ ನಗರಗಳ ಬೀಮಾರಿಸ್ತಾನ್‌ಗಳಲ್ಲಿ ಮನೋರೋಗಿಗಳಿಗೆ ಪ್ರತ್ಯೇಕ ವಿಭಾಗಗಳಿದ್ದವು. ಆ ಪರಂಪರೆಯ ವಾರಸುದಾರರ ನಡುವೆಯೇ, 2001ರ ಆಗಸ್ಟ್ 6ರಂದು, ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ಸಮೀಪದ ಖಾಸಗಿ ಆಶ್ರಯಕೇಂದ್ರವೊಂದಕ್ಕೆ ಬೆಂಕಿ ಬಿದ್ದಾಗ ಸರಪಳಿಗಳಿಂದ ಬಂಧಿತರಾಗಿದ್ದ 28 ಮನೋರೋಗಿಗಳು ಜೀವ ಕಳೆದುಕೊಂಡರು. ಇದಕ್ಕಿಂತ ದೊಡ್ಡ ವಿಪರ್ಯಾಸ ಬೇರೇನಿದೆ! ರೋಗಿಯನ್ನು ಸರಪಳಿಯಲ್ಲಿ ಬಿಗಿಯುವುದನ್ನು 2017ರ ಕಾಯ್ದೆಯು ಸ್ಪಷ್ಟವಾಗಿ ನಿಷೇಧಿಸಿದೆ. ಇನ್ನೊಂದೆಡೆ ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ 'ದವಾ-ದುವಾ' ಎಂಬ ಕಾರ್ಯಕ್ರಮದಡಿ ಮುಜಾವರರೇ ರೋಗಿಗಳನ್ನು ಮನೋವೈದ್ಯರ ಬಳಿಗೆ ಕಳುಹಿಸಿಕೊಟ್ಟಿದ್ದಾರೆ. ಜಿನ್ನ್ ಬಾಧೆಯೆಂದು ಸಾವಿರಾರು ರೂಪಾಯಿ ಸುಲಿಯುವವರ ಬಾಗಿಲಿಗೆ ಅಲೆಯುವ ಕುಟುಂಬಗಳಿಗೆ 14416 ಎಂಬ ಸಂಖ್ಯೆಯನ್ನು ಜುಮಾದ ದಿನ ಮಿಂಬರಿನಿಂದಲೇ ತಿಳಿಸಿದರೆ ಅದು ಎಷ್ಟು ಜೀವಗಳನ್ನು ಉಳಿಸೀತು! ಮಸೀದಿಯ ಸೂಚನಾಫಲಕದಲ್ಲಿ ಅದನ್ನು ಬರೆಯಲು ಜಮಾಅತ್‌ಗಳಿಗೆ ಖರ್ಚೇನೂ ಇಲ್ಲ.

ಸರಕಾರವೂ ಫೋನ್ ಸಂಖ್ಯೆಯೊಂದನ್ನು ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾದ ಬಳಿಕ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅಂತಹ ಹಿರಿಮೆಯ ರಾಜ್ಯದಲ್ಲಿ, ದೂರವಾಣಿಯಲ್ಲಿ ಸಲಹೆ ಪಡೆದ ರೋಗಿಯು ತಾಲೂಕು ಆಸ್ಪತ್ರೆಗೆ ಹೋದಾಗ ವೈದ್ಯರೂ ಇರಬೇಕು, ಮಾತ್ರೆಯೂ ಇರಬೇಕು. ದುಡ್ಡಿದ್ದವರಿಗೆ ಆ್ಯಪ್, ಇಲ್ಲದವರಿಗೆ ಸರದಿಯ ಸಾಲು ಎಂಬ ವ್ಯವಸ್ಥೆ ಬೇರೂರಬಾರದು. ಆಪ್ತಸಮಾಲೋಚಕರ ನೋಂದಣಿಯನ್ನು ಬೇಗನೆ ಪೂರ್ಣಗೊಳಿಸಬೇಕು.

ಸರಕಾರ ಮಾಡಬೇಕಾದುದನ್ನು ನಾವು ಕೇಳುತ್ತಲೇ ಇರೋಣ. ಆದರೆ ಅದಕ್ಕಾಗಿ ಕಾಯದೆ ಮಾಡಬಹುದಾದ ಕೆಲಸವೊಂದು ಪ್ರತಿ ಮನೆಯ ಯಜಮಾನನ, ಪ್ರತಿ ಮನೆಯ ಹಿರಿಯಳ ಕೈಯಲ್ಲಿದೆ. ನೊಂದವರು ಮನಬಿಚ್ಚಿ ಮಾತನಾಡಲು ಒಂದು ಬಾಗಿಲನ್ನು ಮುಚ್ಚಿಕೊಡುವುದು, ಮತ್ತು ಅವರು ಹೊರಬಂದಾಗ ಪ್ರಶ್ನೆ ಕೇಳದೆ ಒಂದು ಲೋಟ ಚಹಾ ಕೊಡುವುದು. ಅಷ್ಟನ್ನು ಮಾಡದ ಮನೆಯಲ್ಲಿ ಎಷ್ಟು ಒಳ್ಳೆಯ ಚಿಕಿತ್ಸಕರಿದ್ದರೂ ಅವರ ದನಿ ಫೋನಿನಾಚೆಗೇ ಉಳಿದುಬಿಡುತ್ತದೆ.