ಹೊಸ್ತಿಲ ಮೇಲೆ ಕೂರಿಸಿದ ದೇಶ

2022ರ ಮಾರ್ಚ್ ಮೊದಲ ವಾರ. ಬಸವೇಶ್ವರನಗರದ ನಮ್ಮ ರಸ್ತೆಯಲ್ಲಿ ಬೆಳಿಗ್ಗೆ ಹಾಲಿಗೆ ಬಂದವರ ಬಾಯಲ್ಲಿ ಒಂದೇ ಪ್ರಶ್ನೆ: ‘ಹುಡುಗಿ ಗಡಿ ದಾಟಿದಳಂತಾ?’ ನಮ್ಮ ಎದುರು ಮನೆಯ ಮಗಳು ಉಕ್ರೇನಿನ ಹಾರ್ಕಿವ್ ನಗರದಲ್ಲಿ ವೈದ್ಯಕೀಯ ವ್ಯಾಸಂಗ ಮಾಡುತ್ತಿದ್ದಳು. ಅಲ್ಲಿಂದ ರಷ್ಯಾದ ಗಡಿಗೆ ಹತ್ತಿರ ಹತ್ತಿರ ನಲವತ್ತು ಕಿಲೊಮೀಟರ್ ದೂರವಷ್ಟೆ. ಆದರೆ ಬಾಂಬುಗಳು ಬರುತ್ತಿದ್ದುದೇ ಆ ದಿಕ್ಕಿನಿಂದ. ಹೀಗಾಗಿ ಆಕೆ ಸಹಪಾಠಿಗಳೊಡನೆ ಕಿಕ್ಕಿರಿದ ರೈಲಿನಲ್ಲಿ ಸುಮಾರು ಸಾವಿರ ಕಿಲೊಮೀಟರ್ ಪಶ್ಚಿಮಕ್ಕೆ ಸಾಗಿ ಪೋಲೆಂಡ್ ತಲುಪಬೇಕಾಯಿತು. ಆಕೆ ಮನೆಗೆ ಮರಳಿದಳು. ಮಾರ್ಚ್ 1ರಂದು ಅದೇ ನಗರದಲ್ಲಿ ಶೆಲ್ ದಾಳಿಗೆ ಬಲಿಯಾದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಗೆ ಆ ಭಾಗ್ಯವಿರಲಿಲ್ಲ. ಆತನ ಪಾರ್ಥಿವ ಶರೀರ ಬೆಂಗಳೂರು ತಲುಪಲು ಇಪ್ಪತ್ತು ದಿನಗಳು ಹಿಡಿದವು.

ಆ ದಿನಗಳಲ್ಲಿ ನಮ್ಮ ಮಕ್ಕಳಿಗೆ ಬಾಗಿಲು ತೆರೆದವು ಪೋಲೆಂಡ್, ರುಮೇನಿಯಾ, ಹಂಗೆರಿ, ಸ್ಲೊವಾಕಿಯಾ ಮತ್ತು ಮಾಲ್ಡೋವಾ. ಉಕ್ರೇನಿನ ಪಶ್ಚಿಮದ ನೆರೆಯ ರಾಷ್ಟ್ರಗಳ ಹೆಸರುಗಳನ್ನು ಮಧ್ಯಮ ವರ್ಗದ ಕನ್ನಡ ಕುಟುಂಬಗಳು ಬಾಯಿಪಾಠ ಮಾಡಿದ್ದು ಬಹುಶಃ ಅದೇ ಮೊದಲು. ಆ ಮಕ್ಕಳು ಓಡಿದ ದಿಕ್ಕಿಗೇ ಉಕ್ರೇನ್ ಎಂಬ ದೇಶವೂ ಎರಡು ದಶಕಗಳಿಂದ ಮುಖ ಮಾಡಿ ನಿಂತಿತ್ತು. ಮಕ್ಕಳಿಗೆ ಕೆಲವೇ ದಿನಗಳಲ್ಲಿ ತೆರೆದ ಬಾಗಿಲು ಆ ದೇಶಕ್ಕೆ ಮಾತ್ರ ಏಕೆ ತೆರೆಯಲಿಲ್ಲ? ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳಬೇಕಾಗಿದೆ.

ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಕಡತಗಳ ನಡುವೆ ಕಳೆದ ನನಗೆ ಪದಗಳ ತೂಕ ಸ್ವಲ್ಪ ಮಟ್ಟಿಗೆ ಗೊತ್ತು. ‘ಆದೇಶಿಸಿದೆ’ ಎಂಬುದು ಒಂದು ಮಾತು. ‘ಸೂಕ್ತ ಸಮಯದಲ್ಲಿ ಪರಿಶೀಲಿಸಲಾಗುವುದು’ ಎಂಬುದು ಇನ್ನೊಂದು. ಮೊದಲನೆಯದರ ಬಲದ ಮೇಲೆ ಅರ್ಜಿದಾರ ಮನೆ ಕಟ್ಟಬಹುದು. ಎರಡನೆಯದನ್ನು ನಂಬಿ ಸಾಲ ಮಾಡಿದವನು ಮುಳುಗುತ್ತಾನೆ. ಸ್ಪಷ್ಟವಾಗಿ ‘ಆಗುವುದಿಲ್ಲ’ ಎಂದುಬಿಟ್ಟಿದ್ದರೆ ಆತ ಬೇರೆ ದಾರಿಯನ್ನಾದರೂ ಹುಡುಕಿಕೊಳ್ಳುತ್ತಿದ್ದ. ಸ್ವತಂತ್ರ ಉಕ್ರೇನಿನ ರಾಜತಾಂತ್ರಿಕ ಚರಿತ್ರೆ ಬಹುಮಟ್ಟಿಗೆ ಈ ಎರಡನೆಯ ಬಗೆಯ ವಾಕ್ಯಗಳ ಚರಿತ್ರೆ.

ಸೋವಿಯತ್ ಒಕ್ಕೂಟ 1991ರಲ್ಲಿ ವಿಘಟನೆಯಾದಾಗ ಜಗತ್ತಿನ ಮೂರನೆಯ ಅತಿ ದೊಡ್ಡ ಅಣ್ವಸ್ತ್ರ ಸಂಗ್ರಹ ಉಕ್ರೇನಿನ ನೆಲದಲ್ಲಿತ್ತು. ಅವುಗಳನ್ನು ಹಾರಿಸುವ ಸಂಕೇತಗಳು ಮಾಸ್ಕೋದ ಹಿಡಿತದಲ್ಲಿದ್ದವು ಎಂಬುದು ನಿಜ. ಆದರೂ ಚೌಕಾಸಿಯ ಮೇಜಿನ ಮೇಲೆ ಅವುಗಳಿಗೆ ಬೆಲೆಯಿತ್ತು. 1994ರ ಡಿಸೆಂಬರ್ 5ರಂದು ಬುಡಾಪೆಸ್ಟ್‌ನಲ್ಲಿ ಉಕ್ರೇನ್ ಅವುಗಳನ್ನು ಬಿಟ್ಟುಕೊಡಲು ಒಪ್ಪಿತು. 1996ರ ವೇಳೆಗೆ ಎಲ್ಲ ಸಿಡಿತಲೆಗಳೂ ರಷ್ಯಾಕ್ಕೆ ರವಾನೆಯಾದವು. ಪ್ರತಿಯಾಗಿ ರಷ್ಯಾ, ಅಮೆರಿಕ ಮತ್ತು ಬ್ರಿಟನ್ ಅದರ ಗಡಿಗಳನ್ನು ಗೌರವಿಸುವುದಾಗಿ, ಬಲಪ್ರಯೋಗ ಮಾಡುವುದಿಲ್ಲವೆಂದು ಲಿಖಿತವಾಗಿ ಹೇಳಿದವು.

ಈ ಪತ್ರದಲ್ಲಿ ಒಂದು ಸೂಕ್ಷ್ಮವಿದೆ. ಅದರ ಉಕ್ರೇನಿಯನ್ ಹಾಗೂ ರಷ್ಯನ್ ಪ್ರತಿಗಳಲ್ಲಿರುವ ಪದಕ್ಕೆ ‘ಖಾತರಿ’ ಎಂಬ ಅರ್ಥ ಬರುತ್ತದೆ. ಇಂಗ್ಲಿಷ್ ಪ್ರತಿಯಲ್ಲಿರುವುದು ಅದಕ್ಕಿಂತ ಹಗುರವಾದ ‘ಭರವಸೆ’. ಗಡಿ ಉಲ್ಲಂಘನೆಯಾದರೆ ಯಾರು ಸೇನೆ ಕಳುಹಿಸಬೇಕು ಎಂಬುದಕ್ಕೆ ಅದರಲ್ಲಿ ಉತ್ತರವೇ ಇಲ್ಲ. ಇರುವುದು ಪರಸ್ಪರ ಸಮಾಲೋಚಿಸುವ ಮಾತು ಮಾತ್ರ. 2014ರಲ್ಲಿ ಕ್ರಿಮಿಯಾಕ್ಕೆ ರಷ್ಯಾದ ಸೈನಿಕರು ಇಳಿದಾಗ ಉಕ್ರೇನ್ ಈ ಸಮಾಲೋಚನೆಯನ್ನೇ ಕೋರಿತು. ಮಾರ್ಚ್ 5ರಂದು ಪ್ಯಾರಿಸ್‌ನಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಪ್ರತಿನಿಧಿಗಳು ಕುಳಿತರು. ರಷ್ಯಾದ ವಿದೇಶಾಂಗ ಸಚಿವರು ಆ ಸಭೆಗೆ ಬರಲಿಲ್ಲ. ಎರಡು ವಾರ ಕಳೆಯುವುದರೊಳಗೆ ಕ್ರಿಮಿಯಾವನ್ನು ತನ್ನದೆಂದು ರಷ್ಯಾ ಘೋಷಿಸಿತು.

ಎರಡನೆಯ ಅರೆಮಾತು 2008ರದು. ಅದಕ್ಕೆ ನಾಲ್ಕು ವರ್ಷ ಮೊದಲೇ, ಅಂದರೆ 2004ರಲ್ಲಿ, ಹಿಂದೆ ಸೋವಿಯತ್ ಒಕ್ಕೂಟದಲ್ಲೇ ಇದ್ದ ಎಸ್ಟೋನಿಯಾ, ಲಾಟ್ವಿಯಾ ಮತ್ತು ಲಿಥುವೇನಿಯಾ ನ್ಯಾಟೊ ಹಾಗೂ ಐರೋಪ್ಯ ಒಕ್ಕೂಟ ಎರಡನ್ನೂ ಸೇರಿಬಿಟ್ಟಿದ್ದವು. ಉಕ್ರೇನ್ ಮತ್ತು ಜಾರ್ಜಿಯಾ ಅದೇ ಸಾಲಿನಲ್ಲಿ ನಿಂತವು. 2008ರ ಏಪ್ರಿಲ್‌ನಲ್ಲಿ ಬುಕಾರೆಸ್ಟ್‌ನಲ್ಲಿ ನಡೆದ ನ್ಯಾಟೊ ಶೃಂಗಸಭೆಯಲ್ಲಿ ಅಮೆರಿಕ ಅವುಗಳ ಪರ ವಾದಿಸಿತು. ಜರ್ಮನಿ ಮತ್ತು ಫ್ರಾನ್ಸ್ ಒಪ್ಪಲಿಲ್ಲ. ಕೊನೆಗೆ ಹೊರಬಿದ್ದದ್ದು ನಮ್ಮ ಯಾವುದೇ ಇಲಾಖೆಯ ಟಿಪ್ಪಣಿಯನ್ನು ನಾಚಿಸುವ ರಾಜಿ ವಾಕ್ಯ: ಈ ದೇಶಗಳು ಮುಂದೆ ಸದಸ್ಯರಾಗುತ್ತವೆ. ಯಾವಾಗ ಎಂಬುದಿಲ್ಲ, ಯಾವ ಹಂತಗಳಲ್ಲಿ ಎಂಬುದಿಲ್ಲ, ಅಲ್ಲಿಯವರೆಗೆ ಕಾಯುವವರು ಯಾರು ಎಂಬುದೂ ಇಲ್ಲ.

ನಮ್ಮ ಮನೆಗಳಲ್ಲಿ ಹಿರಿಯರು ಮಕ್ಕಳಿಗೆ ಹೇಳುವ ಮಾತೊಂದಿದೆ: ಹೊಸ್ತಿಲ ಮೇಲೆ ಕೂರಬಾರದು. ಒಳಗಿದ್ದರೆ ಸೂರಿನ ರಕ್ಷಣೆ, ಹೊರಗಿದ್ದರೆ ಎಚ್ಚರ. ಹೊಸ್ತಿಲ ಮೇಲೆ ಇವೆರಡೂ ಇಲ್ಲ. ಬುಕಾರೆಸ್ಟ್ ಘೋಷಣೆ ಎರಡು ದೇಶಗಳನ್ನು ಹೊಸ್ತಿಲ ಮೇಲೆ ಕೂರಿಸಿತು. ರಷ್ಯಾವನ್ನು ಕೆರಳಿಸಲು ಎಷ್ಟು ಬೇಕೋ ಅಷ್ಟು ಅದರಲ್ಲಿತ್ತು. ರಷ್ಯಾವನ್ನು ತಡೆಯಲು ಬೇಕಾದದ್ದು ಮಾತ್ರ ಇರಲಿಲ್ಲ. ನಾಲ್ಕು ತಿಂಗಳ ಬಳಿಕ, 2008ರ ಆಗಸ್ಟ್‌ನಲ್ಲಿ, ರಷ್ಯಾದ ಟ್ಯಾಂಕುಗಳು ಜಾರ್ಜಿಯಾವನ್ನು ಹೊಕ್ಕವು.

ಪಶ್ಚಿಮ ರಾಷ್ಟ್ರಗಳ ಈ ಹಿಂಜರಿಕೆಗೆ ಆರ್ಥಿಕ ಕಾರಣಗಳೂ ಇದ್ದವು. ಯುರೋಪಿನ ಒಲೆಗಳಿಗೆ ರಷ್ಯಾದ ಅನಿಲ ಬೇಕಿತ್ತು. ಅದರ ದೊಡ್ಡ ಪಾಲು ಉಕ್ರೇನಿನ ಕೊಳವೆಗಳ ಮೂಲಕವೇ ಹರಿಯುತ್ತಿತ್ತು. 2009ರ ಜನವರಿಯಲ್ಲಿ ರಷ್ಯಾ-ಉಕ್ರೇನ್ ದರ ಜಗಳದಿಂದ ಪೂರೈಕೆ ನಿಂತು, ಪೂರ್ವ ಯುರೋಪಿನ ಹಲವು ದೇಶಗಳು ಚಳಿಯಲ್ಲಿ ನಡುಗಿದವು. ಇದಕ್ಕೆ ಜರ್ಮನಿ ಕಂಡುಕೊಂಡ ಪರಿಹಾರವೆಂದರೆ ಉಕ್ರೇನನ್ನು ಬಳಸದೆ ಬಾಲ್ಟಿಕ್ ಸಮುದ್ರದ ತಳದಲ್ಲಿ ರಷ್ಯಾದಿಂದ ನೇರವಾಗಿ ಎಳೆದ ಕೊಳವೆ. ಅದು 2011ರಲ್ಲಿ ಉದ್ಘಾಟನೆಯಾಯಿತು. ಅಗ್ಗದ ಇಂಧನದ ಲೆಕ್ಕದಲ್ಲಿ ನೆರೆಯವನ ಭದ್ರತೆ ಎಂಬ ಬಾಬ್ತು ಸೇರಿರಲಿಲ್ಲ. ಅದರ ಬಡ್ಡಿಸಹಿತ ಬಿಲ್ಲು 2022ರಲ್ಲಿ ಬಂತು.

ಬೆಳಗಿನ ವಾಯುವಿಹಾರದಲ್ಲಿ ಸಿಗುವ ನನ್ನ ಮಿತ್ರರಲ್ಲಿ ಕೆಲವರ ವಾದ ಬೇರೆ. ನ್ಯಾಟೊ ರಷ್ಯಾದ ಬಾಗಿಲಿನವರೆಗೂ ಹಬ್ಬಿದ್ದೇ ಈ ಯುದ್ಧಕ್ಕೆ ಕಾರಣ; ಉಕ್ರೇನ್ ತಟಸ್ಥವಾಗಿದ್ದರೆ ಸಾಕಿತ್ತು ಎಂಬುದು ಅವರ ನಿಲುವು. ಅಲಿಪ್ತ ನೀತಿಯ ಕಾಲದಲ್ಲಿ ಬೆಳೆದ ನಮ್ಮ ಪೀಳಿಗೆಗೆ ಈ ವಾದ ಸಹಜವಾಗಿಯೇ ಹಿಡಿಸುತ್ತದೆ. ಮಹಾಶಕ್ತಿಗಳ ಆತಂಕವನ್ನು ಲೆಕ್ಕಿಸದೆ ವಿದೇಶಾಂಗ ನೀತಿ ರೂಪಿಸಲಾಗದು ಎಂಬ ಅದರ ತಿರುಳಿನಲ್ಲಿ ಸತ್ಯವೂ ಇದೆ. ಆದರೆ ದಿನಾಂಕಗಳು ಈ ವಾದಕ್ಕೆ ಪೂರ್ಣವಾಗಿ ಒಪ್ಪುವುದಿಲ್ಲ. 2010ರಲ್ಲಿ ಯಾವ ಸೇನಾ ಕೂಟಕ್ಕೂ ಸೇರುವುದಿಲ್ಲವೆಂದು ಉಕ್ರೇನ್ ಕಾನೂನನ್ನೇ ಮಾಡಿತು. ಅದೇ ವರ್ಷ ಅನಿಲದ ರಿಯಾಯಿತಿಗೆ ಪ್ರತಿಯಾಗಿ ಸೆವಾಸ್ಟೊಪೋಲ್ ಬಂದರಿನಲ್ಲಿ ರಷ್ಯಾದ ನೌಕಾಪಡೆಯ ಗುತ್ತಿಗೆಯನ್ನು 2042ರವರೆಗೆ ವಿಸ್ತರಿಸಿತು. 2013ರ ನವೆಂಬರ್‌ನಲ್ಲಿ ಅಧ್ಯಕ್ಷ ಯಾನುಕೊವಿಚ್ ಐರೋಪ್ಯ ಒಕ್ಕೂಟದೊಡನೆ ಆಗಬೇಕಿದ್ದ ಒಪ್ಪಂದದಿಂದ ಹಿಂದೆ ಸರಿದಾಗ ಕೀವ್‌ನ ಜನ ಬೀದಿಗಿಳಿದದ್ದು ವ್ಯಾಪಾರ ಮತ್ತು ಆಡಳಿತ ಸುಧಾರಣೆಯ ಆಸೆಯಿಂದ. ಆ ಒಪ್ಪಂದ ಸೇನಾ ಕೂಟದ ಸದಸ್ಯತ್ವವಾಗಿರಲಿಲ್ಲ. 2014ರಲ್ಲಿ ಕ್ರಿಮಿಯಾ ಕೈತಪ್ಪಿದಾಗ ಆ ಅಲಿಪ್ತ ಕಾನೂನು ಜಾರಿಯಲ್ಲೇ ಇತ್ತು. ಅದನ್ನು ರದ್ದು ಮಾಡಿದ್ದು ಆ ವರ್ಷದ ಡಿಸೆಂಬರ್‌ನಲ್ಲಿ. ತಟಸ್ಥವಾಗಿದ್ದಾಗಲೂ ಪೆಟ್ಟು ತಿಂದವನಿಗೆ ತಟಸ್ಥನಾಗಿರು ಎಂದು ಉಪದೇಶಿಸುವುದು ಸುಲಭ.

ಹಾಗೆಂದು ಉಕ್ರೇನಿನ ನಾಯಕರು ನಿರ್ದೋಷಿಗಳೇನಲ್ಲ. ಒಂದು ಚುನಾವಣೆಯಲ್ಲಿ ಪೂರ್ವಕ್ಕೆ, ಮುಂದಿನದರಲ್ಲಿ ಪಶ್ಚಿಮಕ್ಕೆ ವಾಲಿದ ಅವರ ರಾಜಕಾರಣ, ಶ್ರೀಮಂತ ಉದ್ಯಮಿಗಳ ಹಿಡಿತ ಮತ್ತು ಭ್ರಷ್ಟಾಚಾರ ಆ ದೇಶವನ್ನು ಒಳಗಿನಿಂದ ಸೊರಗಿಸಿದವು. ಇದಕ್ಕೆ ಎದುರಾಗಿ ಫಿನ್ಲೆಂಡನ್ನು ನೋಡಬಹುದು. ರಷ್ಯಾದೊಡನೆ 1,300 ಕಿಲೊಮೀಟರಿಗೂ ಉದ್ದದ ಗಡಿಯಿರುವ ಆ ಪುಟ್ಟ ದೇಶ ದಶಕಗಳ ಕಾಲ ಸೇನಾ ಕೂಟಗಳಿಂದ ದೂರವಿತ್ತು. ಆದರೆ ಕಡ್ಡಾಯ ಸೇನಾ ಸೇವೆಯನ್ನೂ ಮೀಸಲು ಪಡೆಯನ್ನೂ ಸಡಿಲ ಬಿಡಲಿಲ್ಲ. 1995ರಲ್ಲಿಯೇ ಐರೋಪ್ಯ ಒಕ್ಕೂಟ ಸೇರಿತು. 2022ರ ಮೇ ತಿಂಗಳಲ್ಲಿ ನ್ಯಾಟೊಗೆ ಅರ್ಜಿ ಹಾಕಿ, 2023ರ ಏಪ್ರಿಲ್ 4ರಂದು ಸದಸ್ಯನಾಯಿತು. ಹೊರಗಿದ್ದಾಗ ಸ್ವಂತ ಬಲದ ಮೇಲೆ ಹೊರಗಿತ್ತು. ಒಳಬರಬೇಕೆನಿಸಿದಾಗ ವರ್ಷ ತುಂಬುವ ಮೊದಲೇ ಒಳಬಂತು. ಹೊಸ್ತಿಲ ಮೇಲೆ ಕೂರಲಿಲ್ಲ.

ಯುದ್ಧ ಆರಂಭವಾದ ಮೇಲಾದರೂ ಅರೆಮಾತುಗಳು ನಿಂತವೇ? ಐರೋಪ್ಯ ಒಕ್ಕೂಟ ಕೆಲಮಟ್ಟಿಗೆ ಬದಲಾಯಿತು. 2022ರ ಜೂನ್‌ನಲ್ಲಿ ಉಕ್ರೇನಿಗೆ ಅಭ್ಯರ್ಥಿ ರಾಷ್ಟ್ರದ ಸ್ಥಾನ ನೀಡಿತು. 2023ರ ಡಿಸೆಂಬರ್‌ನಲ್ಲಿ ಸದಸ್ಯತ್ವದ ಮಾತುಕತೆ ಆರಂಭಿಸುವ ನಿರ್ಣಯ ಬಂದಾಗ, ಅದನ್ನು ವಿರೋಧಿಸುತ್ತಿದ್ದ ಹಂಗೆರಿಯ ಪ್ರಧಾನಿ ಓರ್ಬಾನ್ ಸಭಾಂಗಣದಿಂದ ಹೊರನಡೆದರು. ಉಳಿದ 26 ನಾಯಕರು ತೀರ್ಮಾನ ಕೈಗೊಂಡರು. 2024ರ ಜೂನ್‌ನಲ್ಲಿ ಮಾತುಕತೆ ವಿಧ್ಯುಕ್ತವಾಗಿ ಆರಂಭವಾಯಿತು. ನ್ಯಾಟೊ ಮಾತ್ರ ಹಳೆಯ ದಾರಿಯನ್ನೇ ಹಿಡಿಯಿತು. ಸದಸ್ಯರು ಒಪ್ಪಿದಾಗ, ಷರತ್ತುಗಳು ಪೂರೈಸಿದಾಗ ಆಹ್ವಾನ ಎಂದು 2023ರಲ್ಲಿ ವಿಲ್ನಿಯಸ್‌ನಲ್ಲಿ ಹೇಳಿತು. 2024ರಲ್ಲಿ ವಾಷಿಂಗ್ಟನ್‌ನಲ್ಲಿ ಉಕ್ರೇನ್ ಹಿಡಿದಿರುವ ದಾರಿ ಹಿಂದಿರುಗಿಸಲಾಗದ್ದು ಎಂದಿತು. ದಾರಿಯ ಉದ್ದವನ್ನು ಹೇಳಲಿಲ್ಲ.

ನೆರೆಯವರ ಸ್ನೇಹಕ್ಕೂ ಮಿತಿಯಿದೆ ಎಂಬುದನ್ನು ಪೋಲೆಂಡ್ ತೋರಿಸಿಕೊಟ್ಟಿತು. ಲಕ್ಷಾಂತರ ನಿರಾಶ್ರಿತರಿಗೆ ಮನೆಬಾಗಿಲು ತೆರೆದ ಅದೇ ದೇಶ 2023ರ ಏಪ್ರಿಲ್‌ನಲ್ಲಿ ಉಕ್ರೇನಿನ ಧಾನ್ಯದ ಆಮದನ್ನು ನಿಷೇಧಿಸಿತು. ಅದೇ ನವೆಂಬರ್‌ನಲ್ಲಿ ಪೋಲೆಂಡಿನ ಲಾರಿ ಮಾಲೀಕರು ಗಡಿಯನ್ನು ಅಡ್ಡಗಟ್ಟಿದರು. ಇದನ್ನು ಕೃತಘ್ನತೆಯೆಂದೋ ದ್ರೋಹವೆಂದೋ ಕರೆಯುವ ಮೊದಲು ನಮ್ಮ ಕಡೆಯೊಮ್ಮೆ ನೋಡೋಣ. ದೇಶದಲ್ಲಿ ಸೂರ್ಯಕಾಂತಿ ಬೆಳೆಯುವ ಪ್ರಮುಖ ರಾಜ್ಯ ಕರ್ನಾಟಕ. ನಾವು ಆಮದು ಮಾಡಿಕೊಳ್ಳುತ್ತಿದ್ದ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಯುದ್ಧಕ್ಕೆ ಮೊದಲು ಉಕ್ರೇನಿನದೇ ಆಗಿತ್ತು. ಯುದ್ಧದಿಂದ ಬೆಲೆಯೇರಿದಾಗ ಕೇಂದ್ರ ಸರ್ಕಾರ 2022ರ ಮೇ ತಿಂಗಳಲ್ಲಿ ವರ್ಷಕ್ಕೆ 20 ಲಕ್ಷ ಟನ್ ಕಚ್ಚಾ ಸೂರ್ಯಕಾಂತಿ ಎಣ್ಣೆಯನ್ನು ಸುಂಕವಿಲ್ಲದೆ ತರಲು ಅವಕಾಶ ನೀಡಿತು. ವಿಜಯನಗರದ ಗೃಹಿಣಿಗೆ ಅದು ನೆಮ್ಮದಿಯ ಸುದ್ದಿ. ಕೊಪ್ಪಳದ ಬೆಳೆಗಾರನಿಗೆ ಅಲ್ಲ. ಪೋಲೆಂಡಿನ ರೈತನ ಸಿಟ್ಟು ಇದೇ ಜಾತಿಯದು. ಸ್ವಂತ ರೈತನಿಗೆ ಬೀಳುವ ಹೊರೆಯನ್ನು ಮೊದಲೇ ಲೆಕ್ಕ ಹಾಕದ ಮೈತ್ರಿ ಬಹುಕಾಲ ಬಾಳುವುದಿಲ್ಲ.

ಅರೆಮಾತಿನ ಬೆಲೆಯನ್ನು ನಾವೂ ತೆತ್ತಿದ್ದೇವೆ. 2022ರ ಫೆಬ್ರುವರಿ 15ರಂದು ಕೀವ್‌ನ ನಮ್ಮ ರಾಯಭಾರ ಕಚೇರಿ ನೀಡಿದ ಸೂಚನೆಯಲ್ಲಿ ಅಲ್ಲಿರುವುದು ಅನಿವಾರ್ಯವಲ್ಲದ ಭಾರತೀಯರು, ವಿಶೇಷವಾಗಿ ವಿದ್ಯಾರ್ಥಿಗಳು, ತಾತ್ಕಾಲಿಕವಾಗಿ ತೆರಳುವುದನ್ನು ‘ಪರಿಗಣಿಸಬಹುದು’ ಎಂದಿತ್ತು. ಪರಿಗಣಿಸಬಹುದು ಎಂಬ ಪದದಲ್ಲಿ ತೆರಳಿ ಎಂಬುದೂ ಇದೆ, ಇರಿ ಎಂಬುದೂ ಇದೆ. ಹಾಜರಾತಿ ತಪ್ಪಿದರೆ ವರ್ಷವೇ ಹಾಳು ಎಂಬ ಭಯ ಒಂದೆಡೆ, ದುಬಾರಿ ವಿಮಾನ ಟಿಕೆಟ್ ಇನ್ನೊಂದೆಡೆ. ಅತ್ತ ದರಿ, ಇತ್ತ ಪುಲಿ. ಎದುರು ಮನೆಯ ತಂದೆ ಆ ಸೂಚನೆಯನ್ನು ನನಗೆ ತೋರಿಸಿ, ‘ಸಾರ್, ನೀವು ಸರ್ಕಾರದಲ್ಲಿ ಇದ್ದವರು, ಇದರ ಅರ್ಥ ಏನು?’ ಎಂದು ಕೇಳಿದರು. ಇನ್ನೆರಡು ದಿನ ನೋಡಿ ಎಂದೆ. ಸೂಚನೆ ಖಚಿತವಾಗಿ ‘ತೆರಳಿ’ ಎಂದದ್ದು ಆಮೇಲೆ. ಅಷ್ಟರಲ್ಲಿ ಕಾಲ ಮೀರಿತ್ತು. ಫೆಬ್ರುವರಿ 24ರಂದು ಉಕ್ರೇನಿನ ಆಕಾಶ ಮುಚ್ಚಿಹೋಯಿತು. ನಾನಾಡಿದ್ದೂ ಒಂದು ಅರೆಮಾತೇ ಎಂದು ಆ ಹುಡುಗಿ ಮರಳುವವರೆಗೂ ನನ್ನನ್ನು ಕಾಡಿತು.

ಭಾರತ ಈ ಯುದ್ಧದಲ್ಲಿ ಯಾರ ಪಕ್ಷವನ್ನೂ ವಹಿಸಲಿಲ್ಲ. ವಿಶ್ವಸಂಸ್ಥೆಯಲ್ಲಿ ಮತದಾನದಿಂದ ದೂರ ಉಳಿಯಿತು. ರಷ್ಯಾದ ತೈಲವನ್ನು ಕೊಂಡಿತು. 2024ರ ಆಗಸ್ಟ್‌ನಲ್ಲಿ ಪ್ರಧಾನಿ ಪೋಲೆಂಡಿನಿಂದ ರೈಲಿನಲ್ಲಿ ಕೀವ್‌ಗೂ ಹೋಗಿ ಬಂದರು. ರಾಷ್ಟ್ರಹಿತದ ದೃಷ್ಟಿಯಿಂದ ಇದಕ್ಕೆ ಸಮರ್ಥನೆಗಳಿವೆ. ಆದರೆ ಎರಡೂ ಕಡೆಯವರೊಡನೆ ಮಾತನಾಡಬಲ್ಲ ದೇಶಕ್ಕೆ ಒಂದು ಹೊಣೆಯೂ ಇರುತ್ತದೆ. ಯಾವುದೇ ಶಾಂತಿ ಒಡಂಬಡಿಕೆಯ ಕರಡು ಬಂದರೂ ಅದರ ಪದಗಳು ಬುಡಾಪೆಸ್ಟ್‌ನ ಪದಗಳಾಗದಂತೆ ಒತ್ತಾಯಿಸುವುದೇ ಆ ಹೊಣೆ.

ನಾಗರಿಕರಾದ ನಾವು ಮಾಡಬಹುದಾದದ್ದು ಚಿಕ್ಕದು. ಮುಂದಿನ ಬಾರಿ ಯಾವುದಾದರೂ ಸಣ್ಣ ದೇಶಕ್ಕೆ ‘ಭದ್ರತೆಯ ಭರವಸೆ’ ಸಿಕ್ಕಿತೆಂಬ ಸುದ್ದಿ ಓದಿದಾಗ ಮೂರು ಪ್ರಶ್ನೆಗಳನ್ನು ಕೇಳೋಣ. ದಾಳಿಯಾದರೆ ಬರುವವರು ಯಾರು? ಎಷ್ಟು ದಿನದೊಳಗೆ? ಏನನ್ನು ಹಿಡಿದು? ಉತ್ತರವಿದ್ದರೆ ಅದು ಒಪ್ಪಂದ. ಇಲ್ಲದಿದ್ದರೆ, ಆ ದೇಶವನ್ನು ನಂಬಿ ಮಕ್ಕಳನ್ನು ಓದಲು ಕಳುಹಿಸುವ ತಂದೆ ತಾಯಿಗೂ ಅದು ಮೊದಲೇ ತಿಳಿದಿರುವುದು ಒಳ್ಳೆಯದು.