ಉಚಿತ ಅಂಚೆಪೆಟ್ಟಿಗೆಯ ಬೀಗದ ಕೈ ಯಾರಲ್ಲಿದೆ?

2004ರ ಏಪ್ರಿಲ್ 1ರಂದು ಗೂಗಲ್ ಸಂಸ್ಥೆ ಜಿಮೇಲ್ ಸೇವೆಯನ್ನು ಪ್ರಕಟಿಸಿದಾಗ ಹಲವರು ಅದನ್ನು ಮೂರ್ಖರ ದಿನದ ತಮಾಷೆಯೆಂದೇ ಭಾವಿಸಿದ್ದರು. ಹಾಟ್‌ಮೇಲ್ 2 ಮೆಗಾಬೈಟ್, ಯಾಹೂ 4 ಮೆಗಾಬೈಟ್ ಸ್ಥಳ ನೀಡುತ್ತಿದ್ದ ಕಾಲದಲ್ಲಿ ಬಿಡಿಗಾಸೂ ಪಡೆಯದೆ 1 ಗಿಗಾಬೈಟ್, ಅಂದರೆ ಅವುಗಳ ನೂರಾರು ಪಟ್ಟು ಸ್ಥಳ ಕೊಡುತ್ತೇವೆಂದರೆ ನಂಬುವವರಾರು? ಆದರೆ ಕೆಲವೇ ತಿಂಗಳಲ್ಲಿ ಯಾಹೂ ತನ್ನ ಮಿತಿಯನ್ನು 100 ಮೆಗಾಬೈಟಿಗೆ ಏರಿಸಿತು. ಹಾಟ್‌ಮೇಲ್ 250 ಮೆಗಾಬೈಟ್ ಘೋಷಿಸಿತು. 2007ರಲ್ಲಿ ಯಾಹೂ ಮಿತಿಯನ್ನೇ ತೆಗೆದುಹಾಕುವುದಾಗಿ ಸಾರಿತು.

ಪೈಪೋಟಿಯಿಂದ ಗ್ರಾಹಕನಿಗೆ ಲಾಭ ಎಂಬ ಅರ್ಥಶಾಸ್ತ್ರದ ಮೊದಲ ಪಾಠಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಅವರು ಜ್ಯಾಕ್ ಸ್ಮಿತ್ ಜೊತೆಗೂಡಿ 1996ರಲ್ಲಿ ಆರಂಭಿಸಿದ ಹಾಟ್‌ಮೇಲ್, ಮರುವರ್ಷವೇ ಮೈಕ್ರೊಸಾಫ್ಟ್‌ನ ಪಾಲಾಗಿತ್ತು. ಆ ಬಳಿಕ ದತ್ತಾಂಶ ಸಂಗ್ರಹಣೆಯ ವೆಚ್ಚ ವರ್ಷವರ್ಷವೂ ಇಳಿಯುತ್ತಿದ್ದರೂ ಉಚಿತ ಬಳಕೆದಾರ ಮಾತ್ರ ಹಳೆಯ ಪತ್ರಗಳನ್ನು ಅಳಿಸಿ ಹೊಸದಕ್ಕೆ ಜಾಗ ಮಾಡಿಕೊಳ್ಳಬೇಕಿತ್ತು. ಇಳಿದ ವೆಚ್ಚದ ಫಲ ಅವನ ಕೈಸೇರಲು ಹೊಸ ಪ್ರತಿಸ್ಪರ್ಧಿಯೊಬ್ಬ ಬರಬೇಕಾಯಿತು.

ಆದರೆ ‘ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ’ ಎಂಬ ಗಾದೆ ಇಲ್ಲಿ ನಡೆಯದು. ಪತ್ರಗಳಲ್ಲಿನ ಪದಗಳನ್ನು ಯಂತ್ರದಿಂದ ಶೋಧಿಸಿ ಅದಕ್ಕೆ ತಕ್ಕ ಜಾಹೀರಾತು ತೋರಿಸುವುದು ಜಿಮೇಲ್‌ನ ಆರಂಭದ ಆದಾಯಮಾರ್ಗವಾಗಿತ್ತು. ಆ ಪದ್ಧತಿಯನ್ನು ಕೈಬಿಡುವುದಾಗಿ ಗೂಗಲ್ ತಿಳಿಸಿದ್ದು 2017ರಲ್ಲಿ. ಇದಕ್ಕಿಂತ ಸ್ಥಿರವಾದ ಗಳಿಕೆ ಬೇರೆಯದೇ ಇದೆ. ಗ್ರಾಹಕನಿಗೆ ಒಂದು ಸೇವೆಯಿಂದ ಇನ್ನೊಂದಕ್ಕೆ ಹೋಗುವ ಖರ್ಚು, ತೊಂದರೆ ಹೆಚ್ಚಾದಷ್ಟೂ ಅವನು ಇದ್ದಲ್ಲೇ ಬಂದಿಯಾಗುತ್ತಾನೆ ಎಂಬುದನ್ನು ಕಾರ್ಲ್ ಶಪಿರೊ ಮತ್ತು ಹಾಲ್ ವೇರಿಯನ್ 1999ರ ತಮ್ಮ ಗ್ರಂಥದಲ್ಲಿ ವಿವರವಾಗಿ ಚರ್ಚಿಸಿದ್ದರು. ಅದೇ ವೇರಿಯನ್ ಮುಂದೆ ಗೂಗಲ್‌ನ ಮುಖ್ಯ ಅರ್ಥಶಾಸ್ತ್ರಜ್ಞರಾದರು.

ಇಂದು ಬ್ಯಾಂಕಿನ ಖಾತೆ ವಿವರ, ಆದಾಯ ತೆರಿಗೆಯ ನೋಟಿಸು, ವಿಮೆಯ ಕಂತಿನ ನೆನಪೋಲೆ, ವಿದೇಶದಲ್ಲಿರುವ ಮಕ್ಕಳ ಪತ್ರ ಎಲ್ಲವೂ ಒಂದೇ ವಿಳಾಸಕ್ಕೆ ಬರುತ್ತವೆ. ಅದನ್ನು ಬದಲಿಸುವುದೆಂದರೆ ಇಪ್ಪತ್ತು ಕಡೆ ಅರ್ಜಿ ಹಾಕಿದಂತೆ. ಗ್ರಾಹಕ ಹೀಗೆ ನೆಲೆಯೂರಿದ ಮೇಲೆ ಔದಾರ್ಯ ಮುಂದುವರಿಯಬೇಕಾದ ಅಗತ್ಯವೇನು? 2013ರಲ್ಲಿ ಗೂಗಲ್ ಪತ್ರ, ಕಡತ, ಛಾಯಾಚಿತ್ರಗಳಿಗೆಲ್ಲ ಸೇರಿ 15 ಗಿಗಾಬೈಟ್ ನಿಗದಿಪಡಿಸಿತು. ಛಾಯಾಚಿತ್ರಗಳಿಗಿದ್ದ ಮಿತಿಯಿಲ್ಲದ ಉಚಿತ ಸ್ಥಳ 2021ರ ಜೂನ್‌ನಲ್ಲಿ ಕೊನೆಗೊಂಡಿತು. ಒಟ್ಟು ಸ್ಥಳ ತುಂಬಿದರೆ ಹೊಸ ಪತ್ರವೇ ಬರುವುದಿಲ್ಲ. ಮೊಮ್ಮಕ್ಕಳ ಚಿತ್ರಗಳ ಭಾರಕ್ಕೆ ತೆರಿಗೆಯ ನೋಟಿಸು ಹಿಂದಿರುಗಬಹುದು. ಬಂದ ಪತ್ರವನ್ನು ತಾನಾಗಿ ಬೇರೆ ವಿಳಾಸಕ್ಕೆ ಕಳುಹಿಸುವ ಸೌಲಭ್ಯವನ್ನು ಯಾಹೂ 2021ರಲ್ಲಿ ಉಚಿತ ಖಾತೆಗಳಿಂದ ಹಿಂತೆಗೆದುಕೊಂಡಿತು.

ಖಾಸಗಿ ಸಂಸ್ಥೆ ಪುಕ್ಕಟೆ ಕೊಟ್ಟದ್ದನ್ನು ಹಿಂದಕ್ಕೆ ಪಡೆದರೆ ಆಕ್ಷೇಪವೇಕೆ ಎಂದು ಕೇಳಬಹುದು. ಸ್ಥಳದ ಮಟ್ಟಿಗೆ ಈ ವಾದ ಸರಿ. ವಿಳಾಸದ ಮಾತು ಬೇರೆ. ಅದು ಇಂದು ನಾಗರಿಕನ ಗುರುತಿನ ಭಾಗ. ಮೊಬೈಲ್ ಸಂಖ್ಯೆಯನ್ನು ಉಳಿಸಿಕೊಂಡೇ ಕಂಪನಿ ಬದಲಿಸುವ ಹಕ್ಕು 2011ರ ಜನವರಿಯಿಂದ ದೇಶದಾದ್ಯಂತ ನಮಗಿದೆ. ಇ–ಮೇಲ್ ವಿಳಾಸದಲ್ಲಿ ಸಂಸ್ಥೆಯ ಹೆಸರೇ ಅಡಕವಾಗಿರುವುದರಿಂದ ಅದೇ ವ್ಯವಸ್ಥೆ ಇಲ್ಲಿ ಸಾಧ್ಯವಾಗದು. ಆದರೆ ಮನೆ ಬದಲಿಸಿದವರ ಪತ್ರಗಳನ್ನು ಹೊಸ ವಿಳಾಸಕ್ಕೆ ತಲುಪಿಸುವ ಕ್ರಮ ನಮ್ಮ ಅಂಚೆ ಇಲಾಖೆಗೆ ಹೊಸತಲ್ಲ.

ವೈಯಕ್ತಿಕ ದತ್ತಾಂಶವನ್ನು ಬೇರೆ ಸಂಸ್ಥೆಗೆ ಒಯ್ಯುವ ಹಕ್ಕನ್ನು 2019ರ ಮಸೂದೆ ಪ್ರಸ್ತಾಪಿಸಿತ್ತು; 2023ರ ಕಾಯಿದೆ ಅದನ್ನು ಕೈಬಿಟ್ಟಿತು. ಆ ಹಕ್ಕು ಮರಳಿ ಬರಬೇಕು. ಜೊತೆಗೆ, ಸೇವೆ ಬಿಟ್ಟುಹೋದವರ ಪತ್ರಗಳನ್ನು ಕನಿಷ್ಠ ಎರಡು ವರ್ಷ ಶುಲ್ಕವಿಲ್ಲದೆ ಹೊಸ ವಿಳಾಸಕ್ಕೆ ಕಳುಹಿಸುವುದನ್ನೂ, ಉಚಿತ ಮಿತಿ ಇಳಿಸುವ ಮುನ್ನ ಒಂದು ವರ್ಷದ ಸೂಚನೆ ನೀಡುವುದನ್ನೂ ಕಡ್ಡಾಯಗೊಳಿಸಬೇಕು. ಹೀಗಾದರೆ ಸರ್ಕಾರ ಬೆಲೆಯನ್ನಾಗಲಿ ಗಿಗಾಬೈಟನ್ನಾಗಲಿ ನಿಗದಿ ಮಾಡುವ ಅಗತ್ಯವೇ ಬೀಳದು. ಗ್ರಾಹಕ ಎದ್ದುಹೋಗಬಲ್ಲ ಎಂಬ ಭಯವಿದ್ದಷ್ಟು ದಿನ ಮಾತ್ರ ಪೈಪೋಟಿ ಜೀವಂತವಾಗಿರುತ್ತದೆ.