ಆಟಕ್ಕುಂಟು, ಲೆಕ್ಕಕ್ಕಿಲ್ಲ

ಸುರಪುರದ ಗುಡ್ಡದ ಕೆಳಗಿನ ಬಯಲಿನಲ್ಲಿ ನಾವು ಕಬಡ್ಡಿ ಆಡುತ್ತಿದ್ದ ಕಾಲಕ್ಕೆ ತಂಡ ಕಟ್ಟುವುದೇ ಒಂದು ಆಟವಾಗಿತ್ತು. ಗಟ್ಟಿಗರಾದ ಇಬ್ಬರು ಹುಡುಗರು ಮುಖಂಡರಾಗಿ ಬೇವಿನ ಮರದ ಕೆಳಗೆ ಕೂಡುತ್ತಿದ್ದರು. ಉಳಿದವರು ತಮ್ಮ ತಮ್ಮ ಸರೀಕನನ್ನು ಹುಡುಕಿಕೊಂಡು ಜೋಡಿಯಾಗಬೇಕು. ಜೋಡಿಯಾದವರು ಹೆಗಲ ಮೇಲೆ ಕೈ ಹಾಕಿಕೊಂಡು ದೂರ ಹೋಗಿ, ಗುಟ್ಟಾಗಿ ಒಬ್ಬ ಹುಲಿಯೆಂದೂ ಇನ್ನೊಬ್ಬ ಸಿಂಹವೆಂದೂ ಹೆಸರಿಟ್ಟುಕೊಂಡು ಬಂದು ಕೇಳುವರು: ‘ಹುಲಿ ಬೇಕೋ, ಸಿಂಹ ಬೇಕೋ?’ ಮುಖಂಡ ಹುಲಿ ಅಂದರೆ ಹುಲಿ ಈ ಕಡೆ, ಸಿಂಹ ಆ ಕಡೆ. ಮುಂದಿನ ಜೋಡಿಗೆ ಕೇಳುವ ಪಾಳಿ ಇನ್ನೊಬ್ಬ ಮುಖಂಡನದು.

ಆಯ್ಕೆ ಸಮಿತಿ ಇಲ್ಲ, ಹರಾಜಿಲ್ಲ, ವಶೀಲಿ ಇಲ್ಲ. ಯಾರಿಗೆ ಯಾರು ಸಮ ಎಂಬುದನ್ನು ಆಡುವವರೇ ತೀರ್ಮಾನಿಸಿಕೊಳ್ಳುತ್ತಿದ್ದರು. ದಾಂಡಿಗನೊಬ್ಬ ಸಣಕಲನನ್ನು ಜೋಡಿ ಮಾಡಿಕೊಂಡು ಬಂದರೆ ಉಳಿದವರು ಸುಮ್ಮನಿರುತ್ತಿರಲಿಲ್ಲ. ‘ಅಂವಗ ನಿನಗ ಎಲ್ಲಿ ಜೋಡಾಗ್ತದಲೇ?’ ಎಂದು ಕೂಗಿ ವಾಪಸ್ ಕಳಿಸುತ್ತಿದ್ದರು. ಒಂದೇ ತೊಂದರೆ ಎಂದರೆ ಹುಡುಗರ ಸಂಖ್ಯೆ ಬೆಸವಾದಾಗ ಒಬ್ಬ ಉಳಿದುಬಿಡುತ್ತಿದ್ದ. ಬಹಳ ಸಲ ಆ ಒಬ್ಬ ನಾನೇ. ಮುಖಂಡರು ಮುಖ ಮುಖ ನೋಡಿಕೊಂಡು, ‘ಇರಲಿ ಬಿಡು, ಇಂವ ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎನ್ನುತ್ತಿದ್ದರು. ನಾನು ಔಟಾದರೂ ಯಾರಿಗೂ ಅಂಕವಿಲ್ಲ, ಹಿಡಿದರೂ ಅಂಕವಿಲ್ಲ.

ಈ ಹಳೆಯ ಸಂಗತಿ ನೆನಪಾದದ್ದು ಇಂಗ್ಲೆಂಡಿನ ಒಂದು ಆಟದ ನಿಯಮ ಓದುತ್ತಿದ್ದಾಗ. ಅಲ್ಲಿ ಸ್ಪೀಡ್‌ವೇ ಎಂಬ ಮೋಟಾರ್ ಸೈಕಲ್ ಓಟವಿದೆ. 1928ರಲ್ಲಿ ಲಂಡನ್ ಹತ್ತಿರದ ಹೈ ಬೀಚ್ ಎಂಬಲ್ಲಿ ನಡೆದ ಪಂದ್ಯದಿಂದ ಜನಪ್ರಿಯವಾದದ್ದು. ಬ್ರೇಕೇ ಇಲ್ಲದ, ಒಂದೇ ಗೇರಿನ 500 ಸಿ.ಸಿ. ಗಾಡಿಗಳು ಮಣ್ಣಿನ ಅಂಡಾಕಾರದ ಹಾದಿಯಲ್ಲಿ ಅಡ್ಡಡ್ಡ ಜಾರುತ್ತ ನಾಲ್ಕು ಸುತ್ತು ಓಡಬೇಕು. ಒಂದು ಓಟದಲ್ಲಿ ನಾಲ್ವರು, ತಂಡಕ್ಕೆ ಇಬ್ಬರಂತೆ. ಮೊದಲು ಬಂದವನಿಗೆ 3 ಅಂಕ, ಎರಡನೆಯವನಿಗೆ 2, ಮೂರನೆಯವನಿಗೆ 1, ಕೊನೆಯವನಿಗೆ ಸೊನ್ನೆ. ಏಳು ಜನರ ತಂಡ, ಹದಿನೈದು ಓಟಗಳ ಪಂದ್ಯ.

ಇದರಲ್ಲಿ ಸ್ವಾರಸ್ಯವಿರುವುದು ಓಟದಲ್ಲಿ ಅಲ್ಲ, ಲೆಕ್ಕದಲ್ಲಿ. ಪ್ರತಿ ಸವಾರನಿಗೂ ಒಂದು ಸರಾಸರಿ ಇರುತ್ತದೆ. ಅವನು ಗಳಿಸಿದ ಅಂಕಗಳಿಗೆ, ತನ್ನ ಜೊತೆಗಾರನ ಬೆನ್ನಿಗೇ ಬಂದಾಗ ಸಿಗುವ ಬೋನಸ್ ಅಂಕ ಕೂಡಿಸಿ, ಓಡಿದ ಓಟಗಳಿಂದ ಭಾಗಿಸಿ, ನಾಲ್ಕರಿಂದ ಗುಣಿಸಬೇಕು. ಐದು ಓಟಗಳಲ್ಲಿ ಹತ್ತು ಅಂಕ ಗಳಿಸಿದವನ ಸರಾಸರಿ 8. ಎಲ್ಲ ಓಟಗಳನ್ನೂ ಗೆದ್ದವನದು 12. ಹೊಸ ವರ್ಷಕ್ಕೆ ತಂಡ ಕಟ್ಟುವಾಗ ಏಳೂ ಜನರ ಸರಾಸರಿಗಳನ್ನು ಕೂಡಿದರೆ ಬರುವ ಮೊತ್ತ ಗೊತ್ತುಮಾಡಿದ ಮಿತಿಯನ್ನು ಮೀರಬಾರದು. ಆ ಮಿತಿ ವರ್ಷದಿಂದ ವರ್ಷಕ್ಕೆ ಬದಲಾಗುತ್ತ ಬಂದಿದೆ.

ಮಿತಿ 42 ಎಂದೇ ಇಟ್ಟುಕೊಳ್ಳಿ. ಹತ್ತರ ಸರಾಸರಿಯ ಹುಲಿಯೊಬ್ಬನನ್ನು ತಂದರೆ ಉಳಿದ ಆರು ಜನರಿಗೆ ಸಿಗುವುದು 32 ಮಾತ್ರ, ತಲೆಗೆ ಐದೂ ಚಿಲ್ಲರೆ. ಇಬ್ಬರು ಹುಲಿಗಳನ್ನು ತಂದರೆ ಉಳಿದ ಐದು ಜನರಿಗೆ 22. ದುಡ್ಡಿದ್ದವನು ಎಲ್ಲ ಹುಲಿಗಳನ್ನೂ ಒಂದೇ ಬೋನಿನಲ್ಲಿ ಕೂಡಿಹಾಕದಂತೆ ಹಾಕಿದ ಬೇಲಿ ಇದು. ಸಣ್ಣ ಊರಿನ ತಂಡವೂ ದೊಡ್ಡ ಊರಿನ ತಂಡಕ್ಕೆ ಸೆಡ್ಡು ಹೊಡೆಯಬೇಕು, ಜನ ಟಿಕೆಟ್ ಕೊಳ್ಳಬೇಕು.

ನಮ್ಮ ಹುಲಿ-ಸಿಂಹದ ಲೆಕ್ಕವೂ ಇದೇ ಅಲ್ಲವೇ? ಹೌದು. ಆದರೆ ನಾವು ಪ್ರತಿದಿನ ಹೊಸದಾಗಿ ಜೋಡಿ ಕಟ್ಟುತ್ತಿದ್ದೆವು. ಅಲ್ಲಿಯ ಲೆಕ್ಕ ಹಿಂದಿನ ವರ್ಷದ್ದು. ಅಲ್ಲೇ ಗಂಟು ಬೀಳುವುದು.

ಒಂದು ತಂಡ 42ಕ್ಕೆ ಸರಿಯಾಗಿ ಕಟ್ಟಿಕೊಂಡು, ಹುಡುಗರು ಬೆವರು ಸುರಿಸಿ ಕಲಿತು, ಕಪ್ಪನ್ನೂ ಗೆದ್ದರು ಎನ್ನಿ. ಗೆದ್ದದ್ದರಿಂದಲೇ ಎಲ್ಲರ ಸರಾಸರಿಯೂ ಏರಿ ಮೊತ್ತ 46 ಆಯಿತು. ಮುಂದಿನ ವರ್ಷ ಅದೇ ತಂಡ ಕಣಕ್ಕಿಳಿಯುವಂತಿಲ್ಲ! ಒಬ್ಬನನ್ನೋ ಇಬ್ಬರನ್ನೋ ಬಿಟ್ಟುಕೊಡಲೇಬೇಕು. ನಿನ್ನೆ ಹೆಗಲ ಮೇಲೆ ಹೊತ್ತು ಕುಣಿಸಿದವನಿಗೇ ಇಂದು ‘ನೀನು ಬಹಳ ಚೆನ್ನಾಗಿ ಓಡಿದೆ, ಅದಕ್ಕೇ ಹೋಗು’ ಎನ್ನಬೇಕು. ಇತ್ತ ಗಾಯಗೊಂಡು ಸರಾಸರಿ ಇಳಿದವನು ಎಲ್ಲರಿಗೂ ಬೇಕಾದವನು. ಏಕೆಂದರೆ ಲೆಕ್ಕದಲ್ಲಿ ಅವನು ಆರು, ಮೈ ನೆಟ್ಟಗಾದರೆ ಹಾದಿಯಲ್ಲಿ ಒಂಬತ್ತು! ಸಮಾನತೆಗೆಂದು ಮಾಡಿದ ಲೆಕ್ಕ ಕಲಿಯುವವನಿಗೆ ದಂಡ ಹಾಕಿದಂತಾಯಿತು.

ನಗಬೇಡಿ, ನಮ್ಮಲ್ಲೂ ಇದೆ. ಶಹಾಪುರದ ಸುತ್ತಲಿನ ಹಳ್ಳಿಗಳಲ್ಲಿ ಕಬಡ್ಡಿ ಪಂದ್ಯಾವಳಿ ಎಂದರೆ ಮೊದಲ ಪ್ರಶ್ನೆಯೇ ‘ಎಷ್ಟು ಕೆ.ಜಿ.?’ ಎಂಬುದು. ಮೇಲಿನ ಮಟ್ಟದಲ್ಲೂ ಹಾಗೆಯೇ, ಹಿರಿಯ ಪುರುಷರಿಗೆ 85 ಕೆ.ಜಿ. ಮಿತಿ, ಸಬ್ ಜೂನಿಯರ್ ಹುಡುಗರಿಗೆ ಅದಕ್ಕಿಂತ ಕಡಿಮೆ. ಅಲ್ಲಿ ಸರಾಸರಿ, ಇಲ್ಲಿ ತೂಕ. ಹತ್ತಿ ತೂಗುವ ಕಾಟಾದ ಮೇಲೆಯೇ ಹುಡುಗರನ್ನು ನಿಲ್ಲಿಸಿ ತೂಗಿದ್ದನ್ನು ನಾನು ನೋಡಿದ್ದೇನೆ. ಮಿತಿಗಿಂತ ಅರ್ಧ ಕೆ.ಜಿ. ಹೆಚ್ಚಿದ್ದವನೊಬ್ಬ ಹಿಂದಿನ ರಾತ್ರಿ ರೊಟ್ಟಿ ಮುಟ್ಟಿರಲಿಲ್ಲ. ಬೆಳಗಿನಿಂದ ನೀರನ್ನೂ ಕುಡಿಯದೆ, ಬಿಸಿಲಲ್ಲಿ ಓಡಿ ಬಂದು ಕಾಟಾ ಹತ್ತಿದ. ಪಾಸಾದ. ಪಂದ್ಯದಲ್ಲಿ ಎರಡನೇ ರೈಡಿಗೇ ತಲೆ ಸುತ್ತಿ ಕುಳಿತುಬಿಟ್ಟ. ಅವನವ್ವ ಕಂಪೌಂಡಿನಾಚೆ ನಿಂತು ‘ಉಣಲಾರದ ಆಡಂತ ಯಾರಂದಾರೋ ನಿಮಗ’ ಎಂದು ಎಲ್ಲರಿಗೂ ಕೇಳುವಂತೆ ಬೈಯುತ್ತಿದ್ದಳು. ಉತ್ತರ ಯಾರ ಬಳಿಯೂ ಇರಲಿಲ್ಲ.

ತೂಕ, ಸರಾಸರಿ ಎರಡೂ ಬೇಡ, ದುಡ್ಡಿನಲ್ಲೇ ಅಳೆಯೋಣ ಎಂದದ್ದು 2014ರಲ್ಲಿ ಶುರುವಾದ ಪ್ರೊ ಕಬಡ್ಡಿ. ಅಲ್ಲಿ ಪ್ರತಿ ತಂಡದ ಖರ್ಚಿಗೂ ಒಂದು ಮಿತಿ. ಆ ಲೆಕ್ಕವಾದರೂ ನಿಂತಿತೇ? 2022ರ ಹರಾಜಿನಲ್ಲಿ ತಮಿಳ್ ತಲೈವಾಸ್ ತಂಡ ಪವನ್ ಸೆಹ್ರಾವತ್‌ಗೆ 2.26 ಕೋಟಿ ರೂಪಾಯಿ ಸುರಿಯಿತು. ಬೆಂಗಳೂರು ಬುಲ್ಸ್‌ಗೆ ಪ್ರಶಸ್ತಿ ತಂದುಕೊಟ್ಟ ಪವನ್ ಅವರೇ. ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟಾಗಿ ಇಡೀ ಋತು ಹೊರಗುಳಿದರು. ಎಲ್ಲರೂ ತಂಡದ ಕಥೆ ಮುಗಿಯಿತೆಂದರು. ಆದರೆ ಹೊಸ ಹುಡುಗ ನರೇಂದರ್ 200ಕ್ಕೂ ಹೆಚ್ಚು ರೈಡ್ ಅಂಕ ಗಳಿಸಿ ತಂಡ ಸೆಮಿಫೈನಲ್ ಮುಟ್ಟಿತು. ಮರುವರ್ಷ ಅದೇ ಪವನ್‌ಗೆ ತೆಲುಗು ಟೈಟನ್ಸ್ 2.60 ಕೋಟಿಗೂ ಹೆಚ್ಚು ಕೊಟ್ಟಿತು. ತಂಡದ ಖರ್ಚಿನ ಮಿತಿಯೇ 5 ಕೋಟಿ. ಆ ಋತುವಿನಲ್ಲಿ ಪವನ್ ಚೆನ್ನಾಗಿಯೇ ಆಡಿದರು, ತಂಡ ಮಾತ್ರ ಪಟ್ಟಿಯ ತಳಕ್ಕೆ ಹೋಗಿ ಕುಳಿತಿತು. ಅರ್ಧ ಗಂಟು ಒಬ್ಬನಿಗೇ ಕೊಟ್ಟ ಮೇಲೆ ಉಳಿದವರ ಪಾಲಿಗೆ ಏನು ಬಂದೀತು?

ಕ್ರಿಕೆಟ್ಟಿನಲ್ಲಿ ಇನ್ನೊಂದು ದಾರಿ ಹುಡುಕಿದ್ದಾರೆ. ನಮ್ಮ ರಾಜ್ಯದ ಮಹಾರಾಜ ಟ್ರೋಫಿಯಲ್ಲಿ ಕಲಬುರಗಿಯ ಹೆಸರಿನ ‘ಗುಲ್ಬರ್ಗ ಮಿಸ್ಟಿಕ್ಸ್’ ತಂಡವಿದೆ. 2022ರಲ್ಲಿ ಮನೀಷ್ ಪಾಂಡೆ ನಾಯಕತ್ವದಲ್ಲಿ ಕಪ್ ಗೆದ್ದಿತು. ನಮ್ಮ ಯಾದಗಿರಿಯ ಓಣಿಗಳಲ್ಲೂ ಪಟಾಕಿ ಹಾರಿದವು. ಇಂಥ ತಂಡ ಕಟ್ಟುವಾಗ ಆಯಾ ವಲಯದ ಹುಡುಗರಿಗೂ ಜಾಗ ಕೊಡಬೇಕೆಂಬ ನಿಯಮ ಮಾಡಿದ್ದಾರೆ. ಒಳ್ಳೆಯ ನಿಯಮ. 371(ಜೆ) ಕಲಮಿಗಾಗಿ ವರ್ಷಗಟ್ಟಲೆ ಕೂಗಿ, 2012ರ ಸಂವಿಧಾನ ತಿದ್ದುಪಡಿಯಲ್ಲಿ ಅದನ್ನು ಪಡೆದ ನಮಗೆ ಇದರ ಅರ್ಥ ಯಾರೂ ಬಿಡಿಸಿ ಹೇಳಬೇಕಿಲ್ಲ. ಟರ್ಫ್ ವಿಕೆಟ್ ನೋಡದೆ ಬೆಳೆದ ಹುಡುಗನಿಗೆ ಬಾಗಿಲು ತಾನಾಗಿ ತೆರೆಯುವುದಿಲ್ಲ, ಯಾರಾದರೂ ಹಿಡಿದು ನಿಲ್ಲಬೇಕು.

ಆದರೆ ಪಟ್ಟಿಯಲ್ಲಿ ಹೆಸರಿರುವುದು ಬೇರೆ, ಮೈದಾನಕ್ಕೆ ಇಳಿಯುವುದು ಬೇರೆ. ಹದಿನಾರು ಹದಿನೆಂಟು ಜನರ ತಂಡದಲ್ಲಿ ಆಡುವವರು ಹನ್ನೊಂದೇ. ಯಾವ ಆಟವೇ ಆಗಲಿ, ನಿಯಮದ ಕಾರಣಕ್ಕೆ ಒಳಗೆ ಬಂದ ಹುಡುಗ ಇಡೀ ಪಂದ್ಯಾವಳಿ ನೀರಿನ ಬಾಟಲಿ ಹೊತ್ತು ವಾಪಸ್ ಬಂದದ್ದುಂಟು. ಊರಲ್ಲಿ ಅವನಿಗೆ ಶಾಲು ಹೊದಿಸಿ, ಹಾರ ಹಾಕಿ ಸನ್ಮಾನ ಮಾಡುತ್ತೇವೆ. ‘ಎಷ್ಟು ರನ್ ಹೊಡೆದಿ ತಮ್ಮಾ?’ ಎಂದು ಕಟ್ಟೆಯ ಮೇಲಿನ ಮುದುಕರು ಕೇಳಿದರೆ ಅವನು ನೆಲ ನೋಡುತ್ತಾನೆ. ಅವನ ಪಾಡು ನನಗೆ ಗೊತ್ತು. ಬೇವಿನ ಮರದ ಕೆಳಗೆ ನಾನು ಅನುಭವಿಸಿದ್ದೂ ಅದನ್ನೇ.

ಮತ್ತೆ ಆ ಸ್ಪೀಡ್‌ವೇಗೆ ಬರುತ್ತೇನೆ. ಇಷ್ಟು ಹೊತ್ತು ಅದರ ಲೆಕ್ಕವನ್ನು ಬೈದೆ, ಆದರೆ ಅದರಲ್ಲಿ ಒಂದು ಮಾತು ನನಗೆ ಬಹಳ ಹಿಡಿಸಿತು. ತಂಡದಲ್ಲಿ ಅತಿ ಕಡಿಮೆ ಸರಾಸರಿಯ ಇಬ್ಬರಿಗೆ ಆರು, ಏಳನೇ ನಂಬರು, ಅವರು ಕಾಯ್ದಿಟ್ಟ ಸವಾರರು. ಕಾಯ್ದಿಟ್ಟವರು ಎಂದರೆ ಬೆಂಚಿನ ಮೇಲೆ ಕೂತವರಲ್ಲ. ಪಂದ್ಯದ ಎರಡನೇ ಓಟ ಅವರದೇ. ಎರಡೂ ತಂಡಗಳ ಆರು, ಏಳನೆಯವರು ಮಾತ್ರ ಅದರಲ್ಲಿ ಓಡುತ್ತಾರೆ, ವಿಶ್ವ ಚಾಂಪಿಯನ್ ಆದರೂ ಆ ಹೊತ್ತು ಬೇಲಿಯ ಆಚೆ ನಿಂತು ನೋಡಬೇಕು. ಅವರು ಗೆದ್ದ ಮೂರು ಅಂಕವೂ ಚಾಂಪಿಯನ್ನನ ಮೂರು ಅಂಕವೂ ಒಂದೇ ತೂಕ. ಎಷ್ಟೋ ಪಂದ್ಯಗಳ ಸೋಲು ಗೆಲುವು ಆ ಎಳೆಯರ ಕೈಯಲ್ಲೇ ಇರುತ್ತದೆ.

ಎಲ್ಲರನ್ನೂ ಸಮ ಮಾಡುವ ಲೆಕ್ಕವನ್ನು ಯಾವ ಜಾಣನೂ ಇನ್ನೂ ಕಂಡುಹಿಡಿದಿಲ್ಲ. ಸರಾಸರಿಯಿಂದ ಅಳೆಯಿರಿ, ಕೆ.ಜಿ.ಯಿಂದ ಅಳೆಯಿರಿ, ರೂಪಾಯಿಯಿಂದ ಅಳೆಯಿರಿ, ಕೊನೆಗೆ ಒಬ್ಬ ಉಳಿಯುತ್ತಾನೆ. ಉಳಿದವನನ್ನು ಏನು ಮಾಡುತ್ತೀರಿ ಎಂಬುದರ ಮೇಲೆ ನಿಯಮದ ಯೋಗ್ಯತೆ ತಿಳಿಯುತ್ತದೆ.

ಜಾತ್ರೆಗೋ ಸಂಕ್ರಾಂತಿಗೋ ಪಂದ್ಯಾವಳಿ ಇಡುವ ನಮ್ಮೂರ ಹಿರಿಯರಲ್ಲಿ ನನ್ನದೊಂದು ಬಿನ್ನಹ. ಕಾಟಾ ಇರಲಿ, ಮಿತಿಯೂ ಇರಲಿ. ಅದರ ಜೊತೆಗೆ, ಪಟ್ಟಿಯಲ್ಲಿ ಹೆಸರು ಬರೆಸಿದ ಪ್ರತಿಯೊಬ್ಬ ಹುಡುಗನೂ ಒಮ್ಮೆಯಾದರೂ ಅಂಕಣಕ್ಕೆ ಇಳಿಯಬೇಕು, ಅವನು ಗಳಿಸಿದ್ದು ಅಂಕಪಟ್ಟಿಯಲ್ಲಿ ಸೇರಬೇಕು ಎಂದು ಒಂದು ಸಾಲು ಬರೆದುಬಿಡಿ. ಹುಲಿ ಯಾರು, ಸಿಂಹ ಯಾರು ಎಂಬುದು ಆಮೇಲೆ ತಾನಾಗಿ ಗೊತ್ತಾಗುತ್ತದೆ.